ಹಿಮದಲ್ಲಿ ಒಂದು ಪುಟ್ಟ ಕುರ್ಚಿ

ಸಂಕ್ರಾಂತಿ ದಿನವೋ ಮಾರನೇ ದಿನವೋ, ಈಗ ಖಾತ್ರಿಯಾಗಿ ಹೇಳಲಾರೆ. ನಮ್ಮ ಮನೆಯವಳು ಎಳ್ಳುಬೆಲ್ಲದ ಡಬ್ಬಿ ಹಿಡಿದು ಪಕ್ಕದ ಮನೆ ಮೆಟ್ಟಿಲ ಹತ್ತಿರ ನಿಂತಿದ್ದಳು. ಸೀರೆ ಮೇಲೆ ಅಳಿಯನ ಕೋಟು, ಕಾಲಿಗೆ ಮಗಳ ಬೂಟು, ಮುಖಕ್ಕೆ ಮಾಸ್ಕು. ಶಿಕಾಗೊದ ಗಾಳಿ ಅವಳ ನೆರಿಗೆಯನ್ನು ಬಾವುಟ ಮಾಡಿಕೊಂಡಿತ್ತು. ಆ ಮನೆ ಟೀಚರಮ್ಮ ಗಾಜಿನ ಬಾಗಿಲಿನ ಆಚೆ ಬಂದು ನಿಂತರು. ಇವಳು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಆರಡಿ ಹಿಂದೆ ಸರಿದು, ಕನ್ನಡದಲ್ಲೇ ಹೇಳಿದಳು: "ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡಿ ಕಣಮ್ಮ."

ಅವರಿಗೆ ಏನು ಅರ್ಥವಾಯಿತೋ ದೇವರಿಗೇ ಗೊತ್ತು. ಆದರೆ ಹೇಳುವ ಕಾರಣ ಇತ್ತು. ಆ ಮನೆಗೂ ಈ ಮನೆಗೂ ಮಾತು ನಿಂತು ನಾಲ್ಕು ದಿನವಾಗಿತ್ತು.

ನಾವು ಹೋಗಿದ್ದು ಮಗಳ ಎರಡನೇ ಬಾಣಂತನಕ್ಕೆ. 2020ರ ಶುರುವಿನಲ್ಲಿ ಅಂಟಿನುಂಡೆ, ಮೆಂತ್ಯದಿಟ್ಟು ಕಟ್ಟಿಕೊಂಡು ಹೊರಟವರು ಆರು ತಿಂಗಳಲ್ಲಿ ವಾಪಸು ಬರಬೇಕಿತ್ತು. ಅಷ್ಟರಲ್ಲಿ ಕೊರೊನಾ ಬಂತು. ವಿಮಾನ ನಿಂತವು, ಮಾರ್ಚಿನಲ್ಲಿ ಸ್ಕೂಲುಗಳೂ ಮುಚ್ಚಿದವು. ವೀಸಾ ಮುಂದುವರಿಸಿಕೊಂಡು ಅಲ್ಲೇ ಉಳಿದೆವು. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನಾನು ಮೊಮ್ಮಗಳ ಊಟದ ಮೇಜಿನ ಸ್ಕೂಲಿಗೆ ಜವಾನನಾದೆ. ಚಾರ್ಜರು ಸಿಕ್ಕಿಸುವುದು, ಮೇಜಿನಡಿ ಚಕ್ಕುಲಿ ತಿನ್ನುತ್ತಾ ಕೂತ ಒಂದನೇ ಕ್ಲಾಸಿನ ಹುಡುಗಿಯನ್ನು ಎಳೆದು ಪರದೆ ಮುಂದೆ ಕೂರಿಸುವುದು, ಇಷ್ಟೇ ನನ್ನ ಡ್ಯೂಟಿ. ಆ ಕಡೆಯ ಟೀಚರು ಮಾತ್ರ ದಿನವಿಡೀ ದೇವರಿಗೆ ಮೊರೆ ಇಟ್ಟ ಹಾಗೆ "ಮ್ಯೂಟ್ ಮಾಡಿ, ಮ್ಯೂಟ್ ಮಾಡಿ" ಅನ್ನುತ್ತಿದ್ದರು.

ಪಕ್ಕದ ಮನೆ ಟೀಚರಮ್ಮ ಬೇರೊಂದು ಸರ್ಕಾರಿ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಹೇಳುತ್ತಿದ್ದರು. ಪೋಲಿಷ್ ಮೂಲದವರು. ನಮ್ಮ ಮನೆಯ ಪುಳಿಯೋಗರೆ ಅಂದರೆ ಪ್ರಾಣ. ಅದಕ್ಕೆ ಮೊಸರಿನ ಬದಲು ಚೀಸ್ ತುರಿದುಕೊಳ್ಳುತ್ತಿದ್ದರು, ಅದೊಂದನ್ನು ನಮ್ಮ ಮನೆಯವಳು ಕೊನೆಗೂ ಕ್ಷಮಿಸಲಿಲ್ಲ. ಅವರ ಗಂಡನಿಗೆ ಕಿಡ್ನಿ ಕಸಿಯಾಗಿತ್ತು. ಆ ಮನುಷ್ಯ ಹತ್ತು ತಿಂಗಳಿಂದ ಹೊಸಿಲು ದಾಟಿರಲಿಲ್ಲ.

ಜಗಳಕ್ಕೆ ಬರುತ್ತೇನೆ. ಆಗ ಶಿಕಾಗೊದ್ದು ಅಮೆರಿಕದ ಮೂರನೇ ದೊಡ್ಡ ಸರ್ಕಾರಿ ಶಾಲಾ ಜಿಲ್ಲೆ, ಮೂರು ಲಕ್ಷಕ್ಕೂ ಮಿಕ್ಕಿದ ಮಕ್ಕಳು. ಅಲ್ಲಿನ ಶಿಕ್ಷಕರ ಸಂಘದಲ್ಲಿ ಸುಮಾರು 25,000 ಜನ. ಮೇಯರ್ ಲೋರಿ ಲೈಟ್‌ಫುಟ್ ಸ್ಕೂಲು ತೆರೆಯಲೇಬೇಕು ಅಂತ ಕೂತರು. 2021ರ ಜನವರಿ 11ಕ್ಕೆ ಅಂಗನವಾಡಿ ವಯಸ್ಸಿನ ಮಕ್ಕಳು ಮತ್ತು ವಿಶೇಷ ಮಕ್ಕಳು ಬರಬೇಕು, ಆಮೇಲೆ ದೊಡ್ಡವರು. ಬರದ ಟೀಚರುಗಳ ಸಂಬಳ ತಡೆದು, ಆನ್‌ಲೈನ್ ತರಗತಿಗೂ ಬೀಗ ಹಾಕಿದರು. ಸಂಘದ ಅಧ್ಯಕ್ಷ ಜೆಸ್ಸಿ ಶಾರ್ಕಿ ಕಡೆಯವರ ಮಾತು ಬೇರೆ: ಲಸಿಕೆ ಎಲ್ಲಿ, ಗಾಳಿಬೆಳಕಿನ ಗ್ಯಾರಂಟಿ ಎಲ್ಲಿ, ಸೋಂಕು ಏರಿದರೆ ಮತ್ತೆ ಮುಚ್ಚುವ ಲೆಕ್ಕ ಎಲ್ಲಿ? ತಿಂಗಳ ಕೊನೆಗೆ ಸಂಘದಲ್ಲಿ ಮತ ಹಾಕಿಸಿದಾಗ ಮನೆಯಿಂದಲೇ ಪಾಠ ಮಾಡ್ತೀವಿ ಅಂದವರು ನೂರಕ್ಕೆ 71.

ನಮ್ಮ ಮಗಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸದವಳು. ರಾತ್ರಿ ಕೂಸು ಮಲಗಿಸಲ್ಲ, ಹಗಲು ಡ್ಯೂಟಿ. ಒಂದು ಬೆಳಿಗ್ಗೆ ಹಿಮ ಎತ್ತುತ್ತಾ ಬೇಲಿ ಆಚೆ ಈಚೆ ಇವಳೂ ಟೀಚರಮ್ಮನೂ ಎದುರಾದರು. "ನಾನು ದಿನಾ ಹೋಗ್ತಿಲ್ವಾ? ಅಂಗಡಿಯವರು ಹೋಗ್ತಿಲ್ವಾ? ಚರ್ಚಿನವರ ಸ್ಕೂಲು ಆಗಸ್ಟಿನಿಂದ ನಡೀತಾ ಇಲ್ವಾ?" ಅಂತ ಇವಳು. ಅವರು ಏನೂ ಹೇಳಲಿಲ್ಲ, ಮೇಲೆ ಗಂಡನ ಕೋಣೆಯ ಕಿಟಕಿ ಕಡೆ ನೋಡಿ ಒಳಗೆ ಹೋದರಂತೆ. ಅಷ್ಟೇ. ಅಲ್ಲಿಂದ ಮಾತು ಬಂದ್. ರಾತ್ರಿ ಮಗಳು ನನ್ನ ಹತ್ತಿರ, "ಅಪ್ಪಾ, ನೀನೂ ಮೇಷ್ಟ್ರು, ಅವರ ಕಡೆಗೇ ಮಾತಾಡ್ತೀಯ ಬಿಡು" ಅಂದಳು. ನಾನು ಬಾಯಿಬಿಡಲಿಲ್ಲ. ಸಾರು ಆರುತ್ತಿತ್ತು.

ಅದೇ ದಿನಗಳಲ್ಲಿ ಲೋಗನ್ ಸ್ಕ್ವೇರ್ ಕಡೆ ಕೆಲವು ಟೀಚರುಗಳು ಸ್ಕೂಲಿನ ಒಳಗೆ ಹೋಗದೆ ಹೊರಗೇ ಮೇಜು ಹಾಕಿ, ಕಂಬಳಿ ಹೊದ್ದು, ಲ್ಯಾಪ್‌ಟಾಪಿನಲ್ಲಿ ಪಾಠ ಮಾಡಿದ್ದನ್ನು ಟೀವಿಯಲ್ಲಿ ತೋರಿಸಿದರು. ನೋಡಿ ನನಗೆ ಊರು ನೆನಪಾಯಿತು. ನಮ್ಮಲ್ಲೂ ಹಿಂದಿನ ವರ್ಷ ಮೇಷ್ಟ್ರುಗಳು ಓಣಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಅಂತ ಬಂತಲ್ಲ, ಹಳೇ ಜೊತೆಗಾರರೊಬ್ಬರು ಫೋನಿನಲ್ಲಿ, "ಅರಳೀಕಟ್ಟೆ ಮೇಲೆ ಮಗ್ಗಿ ಹೇಳಿಸ್ತಾ ಇದೀನಿ ಸಾರ್, ಮೇಲಿಂದ ಕಾಗೆ ಹಾಜರಿ ಹಾಕ್ತಾ ಇದೆ" ಅಂದಿದ್ದರು. ಮಕ್ಕಳಿಗೂ ಮೇಷ್ಟ್ರುಗಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಅಲ್ಲಿ ಬಿಸಿಲು, ಇಲ್ಲಿ ಹಿಮ. ಮೇಷ್ಟ್ರ ಕೊರಳು ಮಾತ್ರ ಒಂದೇ.

ಶಿಕಾಗೊ ಟೀಚರುಗಳಿಗೆ ಇಷ್ಟೊಂದು ಹಟ ಯಾಕೆ ಅಂತ ನನಗೂ ಅನ್ನಿಸಿತ್ತು. ಅಳಿಯ ನಿಧಾನಕ್ಕೆ ಬಿಡಿಸಿ ಹೇಳಿದ. ಆ ಊರಿನ ಶಾಲಾ ಮಂಡಳಿಗೆ ಆಗ ಚುನಾವಣೆ ಇರಲಿಲ್ಲ, ಮೇಯರೇ ನೇಮಕ ಮಾಡುತ್ತಿದ್ದರು. 2013ರಲ್ಲಿ ಒಂದೇ ಏಟಿಗೆ ಸುಮಾರು ಐವತ್ತು ಸ್ಕೂಲು ಮುಚ್ಚಿದ್ದರು, ಹೆಚ್ಚಿನವು ಕರಿಯ ಜನರ ಓಣಿಗಳಲ್ಲಿ. 2012ರಲ್ಲಿ ಒಂದು ಮುಷ್ಕರ, 2019ರಲ್ಲಿ ಹನ್ನೊಂದು ಶಾಲಾ ದಿನಗಳ ಇನ್ನೊಂದು. ಹಾಗಾಗಿ "ಗಾಳಿ ಸೋಸುವ ಯಂತ್ರ ಇಟ್ಟಿದೀವಿ, ಬನ್ನಿ" ಅಂದರೆ ನಂಬುವವರು ಯಾರು? ಸಾವು ಹೆಚ್ಚು ಕಂಡ ಓಣಿಗಳ ತಾಯಂದಿರೇ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡರು. ಬಿಳಿಯರಲ್ಲಿ ಮಾತ್ರ ಸ್ಕೂಲು ಬೇಕು ಅಂದವರ ಪಾಲು ಜಾಸ್ತಿ. ನಾನು ಕೆಲಸಕ್ಕೆ ಸೇರಿದ ಮೊದಲ ಸ್ಕೂಲಿನ ಶೌಚಾಲಯ ನೆನೆದುಕೊಂಡೆ. ಕಾಗದದಲ್ಲಿ ಅದನ್ನು ಮೂರು ಸಲ ಕಟ್ಟಿದ್ದರು.

ಜನವರಿ ಕೊನೆಗೆ ಹಿಮ ಬಿತ್ತು ನೋಡಿ, ಅದರ ಮೇಲೆ ಫೆಬ್ರುವರಿ ನಡುವಿನವರೆಗೂ ಬೀಳುತ್ತಲೇ ಇತ್ತು. ಆ ಊರಲ್ಲೊಂದು ಪದ್ಧತಿ ಇದೆ, ಡಿಬ್ಸ್ ಅಂತಾರೆ. ಬೀದಿ ಬದಿಯ ಹಿಮ ಎತ್ತಿ ಕಾರಿಗೆ ಜಾಗ ಮಾಡಿಕೊಂಡವರು, ಹೊರಗೆ ಹೋಗುವಾಗ ಅಲ್ಲೊಂದು ಹಳೇ ಕುರ್ಚಿಯೋ ಇಸ್ತ್ರಿ ಮೇಜೋ ಇಟ್ಟು ಹೋಗುತ್ತಾರೆ. ಕಾನೂನೇನೂ ಇಲ್ಲ. ಆದರೂ ಬೇರೆಯವರು ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವಲ್ ಹಾಕುತ್ತೇವಲ್ಲ, ಹಾಗೆ. ಟೀಚರಮ್ಮ ಇಡುತ್ತಿದ್ದುದು ಮಕ್ಕಳು ಕೂರುವ ಒಂದು ಪುಟ್ಟ ನೀಲಿ ಕುರ್ಚಿ. ಒಂದು ರಾತ್ರಿ ಅಳಿಯ ಯಾರಿಗೂ ಹೇಳದೆ ಅವರ ಜಾಗದ ಹಿಮವನ್ನೂ ಎತ್ತಿ, ಕುರ್ಚಿಯ ಹಿಮ ಒರೆಸಿ ಇಟ್ಟು ಬಂದ. ಮಗಳು ಕಿಟಕಿಯಿಂದ ನೋಡಿದಳು, ಕೇಳಲಿಲ್ಲ.

ಫೆಬ್ರುವರಿ 7ರ ಭಾನುವಾರ ರಾಜಿಯಾಯಿತು. ವಾರಕ್ಕೆ ಸಿಬ್ಬಂದಿಗೆ 1,500 ಲಸಿಕೆ, ಸೋಂಕು ಇಷ್ಟು ದಾಟಿದರೆ ಬಾಗಿಲು ಹಾಕುವ ಲೆಕ್ಕ, ಎಲ್ಲ ಕಾಗದದ ಮೇಲೆ ಬಂತು. ಮತ ಎಣಿಸಿದಾಗ ಒಪ್ಪಿದವರು 13,681, ಒಪ್ಪದವರು 6,585. ರಾಜಿಯಾದ ಆ ದಿನವೇ 2012ರ ಮುಷ್ಕರ ನಡೆಸಿದ್ದ ಕ್ಯಾರೆನ್ ಲೂಯಿಸ್ ತೀರಿಕೊಂಡರು. ಅವರೂ ಮೇಡಮ್ಮೇ, ರಸಾಯನಶಾಸ್ತ್ರ ಹೇಳುತ್ತಿದ್ದವರು. ಸುದ್ದಿ ಬಂದ ಸಂಜೆ ಪಕ್ಕದ ಮನೆ ವರಾಂಡದಲ್ಲಿ ಒಂದು ದೀಪ ಉರಿಯುತ್ತಿತ್ತು. ನಮ್ಮ ಮನೆಯವಳು ಇಲ್ಲಿಂದಲೇ ಕೈಮುಗಿದಳು.

ವಾರವೊಂದು ಕಳೆದಿರಬೇಕು, ನಮ್ಮ ಡಬ್ಬಿ ವಾಪಸು ಬಂತು. ಖಾಲಿ ಡಬ್ಬಿ ಕೊಡಬಾರದು ಅಂತ ಅವರಿಗೆ ಯಾರು ಹೇಳಿದ್ದರೋ! ಒಳಗೆ ಪೂಂಚ್ಕಿ. ಪೋಲಿಷ್ ಜನ ತಮ್ಮ ಉಪವಾಸದ ದಿನಗಳಿಗೆ ಮುಂಚೆ ಕರಿಯುವ, ಹೊಟ್ಟೆಯಲ್ಲಿ ಜಾಮ್ ತುಂಬಿದ ಗುಂಡನೆ ಬನ್ನು. "ಮೊಟ್ಟೆ ಇರುತ್ತೇನೋ ರೀ" ಅಂತ ನಮ್ಮ ಮನೆಯವಳು ದೂರ ನಿಂತಳು. ಮಗಳು ಒಂದನ್ನು ಮುರಿದು, ನಿಂತಲ್ಲೇ ತಿಂದಳು. ಇನ್ನೊಂದನ್ನೂ ತಿಂದಳು.

ಮಾರ್ಚ್ 1ರ ಬೆಳಿಗ್ಗೆ ಮೊಮ್ಮಗಳು ವಾರಕ್ಕೆರಡೇ ದಿನದ ಸ್ಕೂಲಿಗೆ ಹೊರಟಳು. ಬ್ಯಾಗು ಅವಳಿಗಿಂತ ದೊಡ್ಡದು. ಪಕ್ಕದಲ್ಲಿ ಟೀಚರಮ್ಮನೂ ಹೊರಟರು. ಕಾರು ತೆಗೆದು, ಇಳಿದು, ಜಾಗದಲ್ಲಿ ಪುಟ್ಟ ಕುರ್ಚಿ ಇಟ್ಟು, ಮೇಲಿನ ಕಿಟಕಿಗೆ ಒಂದು ಸಲ ಕೈಬೀಸಿದರು. ಹಿಮ ಆಗಲೇ ಬಹುಪಾಲು ಕರಗಿತ್ತು, ಆ ಕುರ್ಚಿಗೆ ಅಲ್ಲಿ ಕೂರುವ ಹಕ್ಕು ಉಳಿದಿರಲಿಲ್ಲ. ಬೀದಿಯಲ್ಲಿ ದಿನವಿಡೀ ಕಾರುಗಳು ಜಾಗ ಹುಡುಕಿ ಸುತ್ತಿದವು. ಟೀಚರಮ್ಮ ಸಂಜೆ ವಾಪಸು ಬರುವವರೆಗೂ ಅದನ್ನು ಯಾರೂ ಎತ್ತಿಡಲಿಲ್ಲ.