ಹಾಳುಮನೆಯ ಚಿತ್ರಗಳು

ಹಾಳುಮನೆಯ ಒಳಗನ್ನು ಚಿತ್ರಿಸುವುದಕ್ಕೆ ಬೆಳಗಿನ ಎಂಟರಿಂದ ಹತ್ತು ಗಂಟೆಯವರೆಗಿನ ಹೊತ್ತೇ ಶ್ರೇಷ್ಠವೆಂದು ನನ್ನ ನಂಬಿಕೆ. ನೆತ್ತಿಯ ಬಿಸಿಲಿನಲ್ಲಿ ಯಾವ ಗೋಡೆಯಾದರೂ ಒಂದೇ ಸಮನೆ ಬಿಳಿಚಿಕೊಂಡು ಮೂಕವಾಗುತ್ತದೆ. ಆದರೆ ಮೂಡಣದ ಕಿಟಕಿಯ ಸರಳುಗಳ ನಡುವಿನಿಂದ ಎಳೆಬಿಸಿಲು ಓರೆಯಾಗಿ ಒಳಹೊಕ್ಕು ಅದೇ ಗೋಡೆಯನ್ನು ಸವರಿಕೊಂಡು ಹೋಗುವಾಗ, ಸುಣ್ಣದ ಪದರಗಳು ಎಲ್ಲೆಲ್ಲಿ ಕಳಚಿವೆ, ಮಣ್ಣಿನ ಗಿಲಾವನ್ನು ಬಳಿದ ಕೈಬೆರಳುಗಳು ಯಾವ ಕಡೆಯಿಂದ ಯಾವ ಕಡೆಗೆ ಸಾಗಿವೆ, ದೇವರ ಪಟ ತೂಗಿದ್ದ ಮೊಳೆಯ ಕೆಳಗೆ ಒಲೆಯ ಹೊಗೆ ಸೋಕದೆ ಉಳಿದ ಚೌಕವೆಷ್ಟು ಎಂಬುದೆಲ್ಲ ಪುಟ್ಟ ಪುಟ್ಟ ನೆರಳುಗಳ ರೂಪದಲ್ಲಿ ಎದ್ದುಬರುತ್ತದೆ. ಫ್ಲಾಷ್ ಹೊತ್ತಿಸಿದವನಿಗೆ ಇದಾವುದೂ ದಕ್ಕದು. ಆ ಕ್ಷಣಮಾತ್ರದ ಪ್ರಖರ ಬೆಳಕು ಎದುರಿನಿಂದ ಬಿದ್ದು ನೆರಳುಗಳನ್ನೆಲ್ಲ ಅಳಿಸಿಬಿಡುವುದರಿಂದ, ಗೋಡೆ ಇರುತ್ತದೆ, ಗೋಡೆಯ ಚರಿತ್ರೆ ಇರುವುದಿಲ್ಲ.

ಆದಕಾರಣ ನನ್ನ ಸಲಕರಣೆಗಳು ಸರಳವಾದವು: ಒಂದು ಕ್ಯಾಮೆರಾ, ಒಂದು ಭದ್ರವಾದ ಟ್ರೈಪಾಡ್, ಶಟರನ್ನು ದೂರದಿಂದ ಒತ್ತಲು ಒಂದು ಕೇಬಲ್. ಹತ್ತಿರದ ಹೊಸಿಲೂ ದೂರದ ಹಿತ್ತಿಲ ಬಾಗಿಲೂ ಸಮಾನವಾಗಿ ಸ್ಪಷ್ಟವಾಗಿ ಮೂಡಬೇಕಾದರೆ ಮಸೂರದ ರಂಧ್ರವನ್ನು ಎಫ್ 11ರವರೆಗಾದರೂ ಕಿರಿದುಗೊಳಿಸಬೇಕು. ಕಿರಿದಾದ ರಂಧ್ರದಲ್ಲಿ, ಅದೂ ಮಲೆನಾಡಿನ ಕತ್ತಲೆಗೋಣೆಗಳಲ್ಲಿ, ಬೆಳಕು ಸಾಕಷ್ಟು ಸಂಗ್ರಹವಾಗಬೇಕಾದರೆ ಶಟರನ್ನು ಎಂಟು, ಹತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡುಗಳ ಕಾಲ ತೆರೆದಿಡಬೇಕು. ಅಷ್ಟು ಹೊತ್ತು ನಾನು ಉಸಿರನ್ನೂ ಅಳೆದು ಬಿಡುತ್ತಾ ಪಕ್ಕದಲ್ಲಿ ನಿಂತಿರುತ್ತೇನೆ. ಈ ಹವ್ಯಾಸದ ಪರಮಸುಖ ಇರುವುದು ಆ ನಿಲುವಿನಲ್ಲೇ ಎಂದು ಹೇಳಬಲ್ಲೆ: ನೋಡುವುದನ್ನು ಬಿಟ್ಟು ಬೇರೇನೂ ಮಾಡಲಾಗದ ಆ ಅವಧಿಯಲ್ಲಿ, ಮೊದಲು ಕಣ್ಣಿಗೆ ಬೀಳದೆ ಹೋದ ಗೂಡಿನೊಳಗಿನ ಹಣತೆಯೂ, ಜಂತೆಗೆ ಕಟ್ಟಿ ಬಿಟ್ಟ ತೊಟ್ಟಿಲ ಹಗ್ಗದ ತುಂಡೂ ಒಂದೊಂದಾಗಿ ಹೊರಬರುತ್ತವೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಹಳೆಯ ಮನೆಗಳಲ್ಲಿ ನಾನು ಕ್ಯಾಮೆರಾವನ್ನು ನೆಲದಿಂದ ಎರಡೂವರೆ ಅಡಿಗಿಂತ ಎತ್ತರಕ್ಕೆ ಏರಿಸುವುದಿಲ್ಲ. ಊಟ, ಅಡುಗೆ, ಹರಟೆ, ಪೂಜೆ, ಪಾಠ ಎಲ್ಲವೂ ಚಾಪೆಯ ಮೇಲೋ ಮಣೆಯ ಮೇಲೋ ನಡೆದ ಕೋಣೆಯನ್ನು ನಿಂತವರ ಕಣ್ಣಿನಿಂದ ನೋಡಿದರೆ ಅದು ಸಣ್ಣದಾಗಿ, ಬಡವಾಗಿ, ಬಾಗಿಲು ತಗ್ಗಾಗಿ ತೋರುವುದು. ಕುಳಿತವರ ಕಣ್ಣಿನಿಂದ ನೋಡಿದರೆ ಅದೇ ಕೋಣೆಗೆ ಅದರ ನಿಜವಾದ ಗಾಂಭೀರ್ಯ ಮರಳಿಬರುತ್ತದೆ.

ನಮ್ಮ ನಾಡಿನಲ್ಲಿ ಜನ ತೊರೆದ ನೆಲೆಯ ಚಿತ್ರ ತೆಗೆಯುವ ಕೆಲಸ ಛಾಯಾಗ್ರಹಣದ ಬಾಲ್ಯದಲ್ಲಿಯೇ ಆರಂಭವಾಯಿತು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ಹಂಪೆಗೆ ಬಂದು, ಮೇಣ ಹತ್ತಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ, 1565ರ ಯುದ್ಧಾನಂತರ ಬರಿದಾಗಿ ಬಿದ್ದಿದ್ದ ಆ ಮಹಾನಗರದ ಗುಡಿಗೋಪುರಗಳನ್ನು ಸೆರೆಹಿಡಿದನು. ಹಂಪೆಯ ಬಿಸಿಲಿನಲ್ಲಿ ಕಾಗದವನ್ನು ಸಿದ್ಧಪಡಿಸಿ, ಭಾರವಾದ ಮರದ ಪೆಟ್ಟಿಗೆಯನ್ನು ಬಂಡೆಗಳ ಮೇಲೆ ಹೊರಿಸಿಕೊಂಡು ಹೋಗಿ, ದೀರ್ಘಕಾಲ ಬೆಳಕಿಗೆ ಒಡ್ಡಿ ತೆಗೆದ ಆ ಚಿತ್ರಗಳಲ್ಲಿ ವಿಟ್ಠಲ ದೇವಾಲಯದ ಕಲ್ಲಿನ ರಥವೂ ಒಂದು. ಇಂದು ನಮ್ಮ ನೋಟುಗಳ ಮೇಲೆ ಅಚ್ಚಾಗಿರುವ ಆ ರಥದ ನೆತ್ತಿ ಬೋಳಾಗಿದೆ. ಗ್ರೀನ್‌ಲಾನ ಚಿತ್ರದಲ್ಲಾದರೋ ಅದರ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದು ನಿಂತಿದೆ. ಆ ಶಿಖರ ಅನಂತರ ಇಲ್ಲವಾಯಿತು. ಕಲ್ಲು ತನ್ನನ್ನು ತಾನೇ ಕಾಪಾಡಿಕೊಂಡಿತು, ಇಟ್ಟಿಗೆಯನ್ನು ಕಾಪಾಡಿದ್ದು ಆ ಮೇಣದ ಕಾಗದ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವವನಿಗೆ ಒಂದು ಶತಮಾನಕ್ಕೂ ಮೀರಿದ ಕಾಲ ಬರಿಗಣ್ಣಿಗೆ ಗೋಚರವಾಗುತ್ತದೆ. ನಾನು ಈ ಕೆಲಸವನ್ನು ಕೇವಲ ಕಾಲಕ್ಷೇಪವೆಂದು ಭಾವಿಸದಿರುವುದಕ್ಕೆ ಆ ಎರಡು ಚಿತ್ರಗಳೇ ಕಾರಣ.

ಜನರು ಬಿಟ್ಟುಹೋದ ಸ್ಥಳಗಳೆಲ್ಲ ಒಂದೇ ಬಗೆಯವೆಂದು ದೂರದಿಂದ ತೋರಬಹುದು. ಹತ್ತಿರ ಹೋಗಿ ನೋಡಿದರೆ, ಹೋದವರು ಹೇಗೆ ಹೋದರು ಎಂಬುದನ್ನು ಅಲ್ಲಿ ಉಳಿದ ವಸ್ತುಗಳೇ ಹೇಳುತ್ತವೆ. ಈ ಪಾಠವನ್ನು ನಾನು ಕಲಿತದ್ದು ಶರಾವತಿಯ ಹಿನ್ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಡೆಯಾದವು. ಅದಕ್ಕೂ ಮುಂಚೆ 1948ರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ, ಜನ ಮಡೆನೂರು ಡ್ಯಾಮ್ ಎಂದು ಕರೆಯುವುದು, ಹೊಸ ಜಲಾಶಯದ ಹೊಟ್ಟೆಯೊಳಗೆ ಸೇರಿಹೋಯಿತು. ಸಮುದ್ರಮಟ್ಟದಿಂದ 1819 ಅಡಿಗೆ ತುಂಬುವ ಆ ನೀರು ಬೇಸಗೆಯಲ್ಲಿ ಬಹಳವಾಗಿ ಇಳಿದ ವರ್ಷಗಳಲ್ಲಿ, ಗಣೇಶ ಅಯ್ಯರ್ ಎಂಬ ಇಂಜಿನಿಯರರು ರೂಪಿಸಿದ ಸೈಫನ್ನುಗಳನ್ನು ಹೊತ್ತ ಆ ಹಳೆಯ ಕಟ್ಟೆ ಮೈದೋರುತ್ತದೆ, ಜೊತೆಗೆ ಬಿರುಕುಬಿಟ್ಟ ಕೆಸರಿನ ಬಯಲಿನ ಮೇಲೆ ರಸ್ತೆಯ ಗುರುತು, ಮರದ ಬೊಡ್ಡೆಗಳು, ಮನೆಯ ಅಡಿಪಾಯಗಳು. ಅಂಥ ಒಂದು ಮೇ ತಿಂಗಳಲ್ಲಿ ನನ್ನನ್ನು ಕರೆದುಕೊಂಡು ಹೋದ ವೃದ್ಧರು, ಮುಳುಗಡೆಯ ಹೊತ್ತಿಗೆ ಹತ್ತು ವರ್ಷದ ಹುಡುಗರಾಗಿದ್ದವರು, ಏನೂ ಇಲ್ಲದ ಒಂದು ಜಾಗದಲ್ಲಿ ನಿಂತು ಕೋಲು ನೆಟ್ಟರು.

“ಇದೇ ನೋಡಿ ನಮ್ಮನೆ ಅಂಗಳ. ಅದು ಮೆಟ್ಟಿಲು, ಅಕಾ ಅಲ್ಲಿ ಬಾವಿ. ಮರ, ಹಂಚು, ಬಾಗಿಲು ಎಲ್ಲಾ ಕಳಚಿ ಅಪ್ಪ ಗಾಡಿಗೆ ಹೇರಿಸಿದ್ರು. ಬಾವಿ ಎಂತ ಮಾಡದು, ಹೊತ್ಕಂಡು ಹೋಗಕ್ಕಾಗ್ತದಾ?”

ಅವರ ಮಾತು ಕೇಳಿದ ಮೇಲೆ ಆ ಬಯಲು ನನಗೆ ಬೇರೆಯಾಗಿ ಕಂಡಿತು. ಇಲ್ಲಿಂದ ಹೊರಟವರಿಗೆ ಹೋಗಲೇಬೇಕೆಂಬುದು ಮುಂಚಿತವಾಗಿ ತಿಳಿದಿತ್ತು; ಆದ್ದರಿಂದ ಕಂಬ, ತೊಲೆ, ಪಕಾಸಿ, ಬಚ್ಚಲ ಹಂಡೆ, ತುಳಸಿಯ ಗಿಡ, ಕೊನೆಗೆ ಬೆಳ್ಳಿಯ ದೇವರು, ಕೈಗೂ ಗಾಡಿಗೂ ಸಿಕ್ಕಿದ್ದನ್ನೆಲ್ಲ ಒಯ್ದರು. ಉಳಿದದ್ದು ಒಯ್ಯಲಾರದ್ದು ಮಾತ್ರ: ಬಾವಿಯ ಕಟ್ಟೆ, ನೆಲದಲ್ಲಿ ಹೂತ ಒರಳು, ಚಪ್ಪಡಿಯ ಮೆಟ್ಟಿಲು. ನಾನು ಅಂದು ಬಯಲಿನ ವಿಶಾಲ ದೃಶ್ಯಗಳನ್ನು ಬದಿಗಿರಿಸಿ ಆ ಒರಳೊಂದರ ಮುಂದೆಯೇ ಬೆಳಗಿನ ಬಹುಭಾಗವನ್ನು ಕಳೆದೆ. ಕಡುಗಪ್ಪು ಕಲ್ಲು, ಬಾಯಿಯ ಒಂದು ಪಕ್ಕ ಇನ್ನೊಂದಕ್ಕಿಂತ ಬೆರಳಗಲ ತಗ್ಗು. ರುಬ್ಬುವವರು ಸದಾ ಒಂದೇ ಪಕ್ಕದಲ್ಲಿ ಕುಳಿತು ತಮ್ಮ ಕಡೆಗೆ ಹಿಟ್ಟನ್ನು ಬಳಿದುಕೊಂಡು ಸವೆಸಿದ ತಗ್ಗು ಅದು. ಆರು ದಶಕ ನೀರಿನೊಳಗಿದ್ದೂ ಆ ಸವೆತ ಮಾಸಿರಲಿಲ್ಲ. ಕುಳಿಯ ತುಂಬ ನಿಂತಿದ್ದ ಹೂಳು ಒಣಗಿ, ಬಿರಿದು, ಅಂಚಿನಿಂದ ಬಿಟ್ಟುಕೊಂಡಿತ್ತು. ಅದನ್ನು ತೆಗೆದು ಕಲ್ಲನ್ನು ಒರೆಸೋಣವೆಂದು ವೃದ್ಧರು ಕೈಹಾಕಿದಾಗ, ಬೇಡ, ಹಾಗೆಯೇ ಇರಲಿ ಎಂದು ವಿನಂತಿಸಿಕೊಂಡೆ.

ಹಾಸನದ ಬಳಿ ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಪೂರ್ತಿ ತೆರೆದುಕೊಳ್ಳುವ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಎಲ್ಲರೂ ಬಲ್ಲರು. ಅದರ ಸೌಂದರ್ಯ ನಿರ್ವಿವಾದ. ಆದರೆ ಅದರ ಚಿತ್ರಗಳು ಎಷ್ಟೊಂದು ಬಂದಿವೆಯೆಂದರೆ ನಾನು ಹೊಸತಾಗಿ ಸೇರಿಸುವುದಕ್ಕೇನೂ ಇಲ್ಲ.

ಕೋಲಾರದ ಚಿನ್ನದ ಗಣಿಯ ಮಾತು ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿರಿಸಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಮನುಷ್ಯರು ಅಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು ದುಡಿದರು. ಚಾಂಪಿಯನ್ ರೀಫ್ ಗಣಿ ಭೂಮಂಡಲದ ಅತ್ಯಂತ ಆಳದ ಗಣಿಗಳಲ್ಲಿ ಒಂದಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುಬಂದದ್ದು ಇಲ್ಲಿಗೆ. ನ್ಯೂಟ್ರಿನೋ ಎಂಬ, ಹಿಡಿತಕ್ಕೆ ಸಿಗದ ಕಣದ ಸುಳಿವನ್ನು 1965ರಲ್ಲಿ ನಮ್ಮ ವಿಜ್ಞಾನಿಗಳು ಹಿಡಿದದ್ದೂ ಇದೇ ಗಣಿಯ ಗರ್ಭದಲ್ಲಿ. ಇಂದು ಬೇಲಿಯ ಆಚೆಗೆ ತುಕ್ಕು ಹಿಡಿದ ಹೆಡ್‌ಗೇರುಗಳ, ಎಂದರೆ ಗಣಿಬಾವಿಯ ಮೇಲಿನ ಗೋಪುರಗಳ, ಚಕ್ರಗಳು ಆಕಾಶಕ್ಕೆ ಅಂಟಿಕೊಂಡಂತೆ ನಿಂತಿವೆ. ಅದಿರು ಅರೆದು ಉಳಿದ ಬೂದುಬಣ್ಣದ ಸೈನೈಡ್ ದಿಬ್ಬಗಳು ಸಂಜೆಯ ಬೆಳಕಿನಲ್ಲಿ ಬಂಗಾರದಂತೆ ತೋರುತ್ತವೆ. ಇಷ್ಟನ್ನೇ ತೆಗೆದು, ಇದೊಂದು ಪ್ರೇತನಗರವೆಂದು ಹೆಸರಿಟ್ಟು ಹಂಚುವವರು ಅನೇಕರು. ಆ ಹೆಸರು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಗಣಿ ನಿಂತಿದೆ, ಊರು ನಿಂತಿಲ್ಲ. ಮಾರಿಕುಪ್ಪಂ, ಕೋರಮಂಡಲ, ಊರಿಗಾಂ ನಿಲ್ದಾಣಗಳಲ್ಲಿ ಮುಂಜಾನೆಯ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಸಾವಿರಾರು ಜನರ ಮುಂದೆ, ಅವರ ಊರನ್ನು ಹಾಳೂರೆಂದು ಚಿತ್ರಿಸುವುದು ಅನ್ಯಾಯ. ಗಣಿಯ ಸಾಲುಮನೆಯೊಂದರ ಮುಂದೆ ನಾನು ಟ್ರೈಪಾಡ್ ಊರಿದ್ದಾಗ ನಿವೃತ್ತ ಕಾರ್ಮಿಕರೊಬ್ಬರು ಒಳಗೆ ಹೋಗಿ, ತಗಡಿನ ಟ್ರಂಕಿನಿಂದ ತಮ್ಮ ಹಳೆಯ ಹೆಲ್ಮೆಟ್ಟನ್ನು ತೆಗೆದು ತಂದು, “ಆ ಚಕ್ರಾನ ಎಲ್ಲರೂ ತೆಗೀತಾರೆ ಸಾರ್, ಇದನ್ನ ತೆಗೀರಿ. ಇಲ್ಲಿ ಲೈಟ್ ಸಿಗಿಸ್ತಾ ಇದ್ವಿ” ಎಂದರು. ಹಣೆಯ ಭಾಗದಲ್ಲಿ ದೀಪ ಸಿಕ್ಕಿಸುವ ಕೊಕ್ಕೆ, ಒಳಗಡೆ ಬೆವರಿನಿಂದ ಕಪ್ಪಾದ ಚರ್ಮದ ಪಟ್ಟಿ. ಕೋಲಾರದಲ್ಲಿ ನಾನು ತೆಗೆದ ಚಿತ್ರಗಳಲ್ಲೆಲ್ಲ ಅತ್ಯುತ್ತಮವಾದದ್ದು ಅದೇ. ಅದರಲ್ಲಿ ಹೆಲ್ಮೆಟ್ಟನ್ನು ಹಿಡಿದ ಕೈಗಳೂ ಇವೆ.

ಮೂರನೆಯ ಬಗೆಯ ತೊರೆಯುವಿಕೆಯೊಂದುಂಟು. ಅದಕ್ಕೆ ಅಣೆಕಟ್ಟೂ ಕಾರಣವಲ್ಲ, ಬೀಗಮುದ್ರೆಯೂ ಕಾರಣವಲ್ಲ. ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋಗಿ ನೆಲೆಸುತ್ತಾರೆ, ತಂದೆ ತೀರಿಕೊಳ್ಳುತ್ತಾರೆ, ತಾಯಿಯನ್ನು ಮಗ ಬಂದು ಕರೆದೊಯ್ಯುತ್ತಾನೆ, ಬೀಗದ ಕೈ ನೆರೆಮನೆಯ ಮೊಳೆಯ ಮೇಲೆ ತೂಗುತ್ತದೆ. ಘಟ್ಟದ ಮೇಲಿನ ಅಡಕೆ ಸೀಮೆಯಲ್ಲಿ ಅಂಥ ಮನೆಗಳು ಇಂದು ಊರೂರಿಗೆ ಇವೆ. ಮುಳುಗಡೆಯ ಮನೆಯಲ್ಲಿ ಒಯ್ಯಲಾಗದ್ದು ಮಾತ್ರ ಉಳಿದಿದ್ದರೆ, ಇಲ್ಲಿ ಎಲ್ಲವೂ ಉಳಿದಿರುತ್ತದೆ, ಏಕೆಂದರೆ ಇಲ್ಲಿಂದ ಹೋದವರು ತಾವು ಹೋದೆವೆಂದು ಎಂದೂ ನಿಶ್ಚಯಿಸಿದವರಲ್ಲ. ಅಂಥ ಒಂದು ಮನೆಯ ಅಡುಗೆಮನೆಯಲ್ಲಿ, ಮಸಿಹಿಡಿದ ಗೋಡೆಯ ಮೇಲೆ, ನಿಲುವಿನ ಪಕ್ಕಕ್ಕೆ, ಸುಣ್ಣದಲ್ಲಿ ಬೆರಳದ್ದಿ ಇಟ್ಟ ಬೊಟ್ಟುಗಳ ಸಾಲುಗಳನ್ನು ಕಂಡೆ: ನೆರೆಯವರಿಗೆ ಕೊಟ್ಟ ಹಾಲಿನ ಲೆಕ್ಕ. ಒಂದೊಂದು ತಿಂಗಳಿಗೆ ಒಂದೊಂದು ಸಾಲು. ಪೂರ್ತಿ ಸೇರಿಗೆ ತುಂಬುಬೊಟ್ಟು, ಅರ್ಧ ಸೇರಿಗೆ ಬೆರಳ ತುದಿಯನ್ನು ಎಳೆದ ಗೆರೆ, ಹಣ ಸಂದ ಸಾಲುಗಳ ಮೇಲೆ ಅಡ್ಡಲಾಗಿ ಇದ್ದಿಲಿನ ಗೀಟು. ಕೊನೆಯ ಸಾಲಿಗೆ ಗೀಟಿಲ್ಲ. ಎದುರಿನಿಂದ ನೋಡಿದರೆ ಅವು ಬಿಳಿಯ ಕಲೆಗಳಷ್ಟೆ. ಗವಾಕ್ಷಿಯ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಹರಿಯುವವರೆಗೆ ಕಾದು ಕುಳಿತಾಗ ಪ್ರತಿಯೊಂದು ಬೊಟ್ಟಿನ ನಡುವೆ ಬೆರಳಿನ ಗುಳಿಯೂ, ಅಂಚಿಗೆ ಒತ್ತರಿಸಿದ ಸುಣ್ಣದ ದಂಡೆಯೂ, ಕೆಲವದರಲ್ಲಿ ಬೆರಳಗೆರೆಗಳೂ ಮೂಡಿದವು. ಬರಹದ ಪುಸ್ತಕವನ್ನು ಎಂದೂ ಕೈಗೆತ್ತಿಕೊಳ್ಳದೆ ಇದ್ದಿರಬಹುದಾದ ಗೃಹಿಣಿಯೊಬ್ಬಳು ತನ್ನ ಕೈಯಿಂದಲೇ ಇಟ್ಟ ದಾಖಲೆ ಅದು. ಮುಂದಿನ ಮಳೆಗಾಲದಲ್ಲಿ ಹಂಚು ಜಾರಿದರೆ ಒಂದು ರಾತ್ರಿಯ ಮಳೆಗೆ ತೊಳೆದುಹೋಗುವಂಥದು. ಅದರ ಮುಂದೆ ನಾನು ಅನುಭವಿಸಿದ ಗೌರವವನ್ನು ಎಷ್ಟೋ ಶಿಲಾಶಾಸನಗಳ ಮುಂದೆ ಅನುಭವಿಸಿಲ್ಲ.

ಇಂಥ ಸ್ಥಳಗಳಲ್ಲಿ ಏನನ್ನೂ ಸರಿಸಬಾರದೆಂಬ ನಿಯಮವನ್ನು ನಾನು ವ್ರತದಂತೆ ಪಾಲಿಸುತ್ತೇನೆ. ಮುರಿದ ಗೊಂಬೆಯೊಂದನ್ನು ಎಲ್ಲಿಂದಲೋ ಎತ್ತಿ ತಂದು ಕಿಟಕಿಯ ಬಿಸಿಲಿನಲ್ಲಿ ಕೂರಿಸಿ, ನೋಡುವವರ ಕಣ್ಣಲ್ಲಿ ನೀರು ಬರಿಸುವ ಚಿತ್ರಗಳನ್ನು ನೋಡಿದ್ದೇನೆ. ಅವು ಎಷ್ಟೇ ಸುಂದರವಾಗಿರಲಿ, ಸುಳ್ಳು. ಕನ್ನಡಕದ ಗೂಡು ಕಪಾಟಿನಲ್ಲಿ ಇಲ್ಲದೆ ಹೊಸಿಲ ಪಕ್ಕದಲ್ಲಿ ಬಿದ್ದಿದ್ದರೆ, ಅದು ಅಲ್ಲಿ ಬಿದ್ದಿರುವುದಕ್ಕೆ ಒಂದು ಕಾರಣವಿದೆ. ಆ ಕಾರಣ ನನಗೆ ತಿಳಿಯದಿರಬಹುದು, ಮುಂದೆ ಚಿತ್ರ ನೋಡುವ ಆ ಮನೆಯವರಿಗೆ ತಿಳಿದೀತು. ಹಾಗೆಯೇ ಕೇಳದೆ ಯಾರ ಮನೆಯ ಒಳಗೂ ಕಾಲಿಡುವುದು ತರವಲ್ಲ. ಬೀಗ ಜಡಿದ ಮನೆಗೂ ವಾರಸುದಾರರಿರುತ್ತಾರೆ, ನೆರೆಯವರ ಬಳಿ ಅವರ ಫೋನ್ ನಂಬರು ಇರುತ್ತದೆ. ಗಣಿಯ ಬೇಲಿಗಳನ್ನಂತೂ ದಾಟಲೇಬಾರದು, ಅಲ್ಲಿನ ಬಾಯ್ದೆರೆದ ಗುಂಡಿಗಳು ಹುಲ್ಲಿನಡಿ ಕಾಣುವುದಿಲ್ಲ.

ಚಿತ್ರ ತೆಗೆದರಷ್ಟೇ ಸಾಲದು, ಅದು ಎಲ್ಲಿಯದೆಂದು ಬರೆದಿಡಲೂ ಬೇಕು. ಪ್ಯಾರಿಸ್ಸಿನ ಯೂಜೀನ್ ಅಟ್ಜೆ ಎಂಬ ಛಾಯಾಗ್ರಾಹಕನು, ನೆಲಸಮವಾಗಲಿದ್ದ ಹಳೆಯ ಬೀದಿಗಳನ್ನೂ ಅಂಗಳಗಳನ್ನೂ ಮೆಟ್ಟಿಲುಗಳನ್ನೂ ದಶಕಗಳ ಕಾಲ ಗಾಜಿನ ಫಲಕಗಳ ಮೇಲೆ ಹಿಡಿದಿಟ್ಟು 1927ರಲ್ಲಿ ತೀರಿಕೊಂಡವನು, ತನ್ನ ಚಿತ್ರಗಳ ಹಿಂಬದಿಯಲ್ಲಿ ಸ್ಥಳದ ಹೆಸರನ್ನೂ ಕ್ರಮಸಂಖ್ಯೆಯನ್ನೂ ಬರೆದಿಡುತ್ತಿದ್ದನು. ಅವುಗಳನ್ನು ಇಂದು ನಗರದ ಚರಿತ್ರೆಯನ್ನಾಗಿ ಓದಲು ಸಾಧ್ಯವಾಗಿರುವುದರಲ್ಲಿ ಆ ಬರಹದ ಪಾಲು ದೊಡ್ಡದು. ಹೆಸರಿಲ್ಲದ ಹಾಳುಮನೆಯ ಚಿತ್ರ ಯಾರ ಮನೆಯ ಚಿತ್ರವೂ ಅಲ್ಲ.

ಇದನ್ನು ಓದುತ್ತಿರುವವರಲ್ಲಿ ಅನೇಕರಿಗೆ ಊರಿನಲ್ಲಿ ಬೀಗ ಹಾಕಿದ ಮನೆಯೊಂದು ಇದ್ದೀತು. ಅದನ್ನು ಮಾರುವ ಮುನ್ನ, ಕೆಡವುವ ಮುನ್ನ, ಸಾಮಾನು ಸಾಗಿಸಲು ಗಾಡಿ ತರಿಸುವ ಮುನ್ನ, ಒಂದು ಬೆಳಗ್ಗೆ ಅಲ್ಲಿಗೆ ಹೋಗಿರಿ. ಗುಡಿಸಬೇಡಿರಿ, ಜೋಡಿಸಬೇಡಿರಿ. ನೆಲದ ಮೇಲೆ ಕುಳಿತು ಒಂದೊಂದು ಕೋಣೆಯ ಚಿತ್ರವನ್ನೂ ತೆಗೆಯಿರಿ. ಕೈಯಲ್ಲಿರುವ ಫೋನೇ ಸಾಕು. ಬಳಿಕ ಅವುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ಮನೆತನ, ಕೋಣೆ, ದಿನಾಂಕ ಇಷ್ಟನ್ನು ಬರೆದು, ಮನೆಯ ಕಿರಿಯರ ಕೈಗೆ ಕೊಡಿರಿ.