ಸರ್ಚುವಿನಿಂದ ಹಿಂದಕ್ಕೆ

ಕನ್ನಡಿಗರಿಗೆ ಬೆಟ್ಟವೆಂದೊಡನೆ ಹಸುರು ಕಣ್ಣಿಗೆ ಕಟ್ಟುತ್ತದೆ. ಆಗುಂಬೆಯಾಗಲಿ ಚಾರ್ಮಾಡಿಯಾಗಲಿ, ಘಟ್ಟವೆಂದರೆ ಮಳೆ, ಮಂಜು, ಇಂಬಳ, ಬಿಸಿಲನ್ನು ನೆಲಕ್ಕೆ ಬಿಡದ ಮರಗಳು. ಹರದಾರಿಗಟ್ಟಲೆ ಹೋದರೂ ಒಂದು ಗಿಡ ಕಾಣದ ಪರ್ವತಗಳಿವೆ ಎಂಬುದನ್ನು ಭೂಗೋಳದ ಪುಸ್ತಕದಲ್ಲಿ ಓದಿದ್ದರೂ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಮನಾಲಿಯಿಂದ ಲೇಹ್‌ಗೆ ಹೋಗುವ ಹೆದ್ದಾರಿ ಅದನ್ನು ಒಪ್ಪಿಸುತ್ತದೆ.

ಜುಲೈ ತಿಂಗಳಿನಲ್ಲಿ ಆ ದಾರಿ ಹಿಡಿದ ನಾವು ನಾಲ್ವರು: ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು, ಗಣಿತದವರೊಬ್ಬರು, ಬ್ಯಾಂಕಿನ ಮಿತ್ರರೊಬ್ಬರು, ಕನ್ನಡದವನಾದ ನಾನು. ಸಾರಥಿ ಲಾಹೌಲ್ ಸೀಮೆಯವನು. ನಲವತ್ತು ದಾಟಿದ ಮಿತಭಾಷಿ. ಆ ಮೌನದ ಕೊರತೆಯನ್ನು ತುಂಬಿಕೊಡಲು ನಮ್ಮ ಬ್ಯಾಂಕಿನ ಮಿತ್ರರಿದ್ದರು. ಅವರು ಸುಮ್ಮನಿರುವುದನ್ನು ನಾವು ಮೂವರೂ ಅದುವರೆಗೆ ಕಂಡಿರಲಿಲ್ಲ.

3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಮಾರ್ಗವನ್ನು ಏರಿ ಇಳಿಯುವ ಪ್ರಯಾಸ ಈಗ ಇಲ್ಲ. 2020ರ ಅಕ್ಟೋಬರಿನಲ್ಲಿ ತೆರೆದ, ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಬೆಟ್ಟದ ಒಡಲನ್ನೇ ಹಾದುಹೋಗುತ್ತದೆ. ದೇವದಾರು ವನಗಳ ನಾಡಿನಿಂದ ಅದನ್ನು ಹೊಕ್ಕವರು ಹೊರಬೀಳುವುದು ಬೇರೊಂದು ಲೋಕಕ್ಕೆ. ಮುಂಗಾರಿನ ಮೋಡಗಳನ್ನು ಪರ್ವತಶ್ರೇಣಿ ಈಚೆಗೇ ತಡೆದುಬಿಡುವುದರಿಂದ ಲಾಹೌಲಿಗೆ ಮಳೆ ಅಪರೂಪ. ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ತಿರುಗಿಸಿಕೊಂಡ ಕಡೆ ಬಟಾಣಿ, ಆಲೂಗೆಡ್ಡೆಯ ಹೊಲಗಳು. ಅದರ ಅಂಚಿನಿಂದಾಚೆಗೆ ಬರಿಯ ಕಲ್ಲು.

ತಾಂಡಿ ಎಂಬಲ್ಲಿ ಚಂದ್ರಾ, ಭಾಗಾ ನದಿಗಳು ಕೂಡುತ್ತವೆ. ಪಂಢರಪುರದ ಚಂದ್ರಭಾಗೆಯನ್ನು ಬಲ್ಲ ನಮಗೆ ಮತ್ತೊಬ್ಬ ಚಂದ್ರಭಾಗೆಯನ್ನು ಕಂಡು ಸೋದರತ್ತೆಯ ಊರಿಗೆ ಬಂದಂತಾಯಿತು. ಮುಂದೆ ಜಮ್ಮುವಿನಲ್ಲಿ ಇವಳೇ ಚೀನಾಬ್. ಚಂದ್ರನ ಮಗಳೂ ಸೂರ್ಯನ ಮಗನೂ ಪ್ರೀತಿಸಿ, ಬಾರಾಲಾಚಾ ಶಿಖರದಿಂದ ಬೇರೆ ಬೇರೆ ದಿಕ್ಕಿಗೆ ಹೊರಟು, ಪರ್ವತವನ್ನು ಬಳಸಿ ಬಂದು ಇಲ್ಲಿ ಸೇರಿದರೆಂದು ಆ ಸೀಮೆಯ ಜನ ಕಥೆ ಹೇಳುತ್ತಾರೆ.

ಮುಂದಿನ ಎರಡು ರಾತ್ರಿ ಸುಮಾರು 3,200 ಮೀಟರ್ ಎತ್ತರದ ಜಿಸ್ಪಾದಲ್ಲಿ ತಂಗಿದೆವು. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುವುದಿಲ್ಲ, ಗಾಳಿಯ ಒತ್ತಡವೇ ಇಳಿಯುತ್ತದೆ, ಆದ್ದರಿಂದ ಒಂದೊಂದು ಉಸಿರಿಗೂ ದೊರೆಯುವುದು ಕಡಿಮೆ ಎಂದು ರಸಾಯನಶಾಸ್ತ್ರದವರು ವಿವರಿಸಿದರು. ಸಾರಥಿ ಅದನ್ನೇ ಚಿಕ್ಕದಾಗಿ ಹೇಳಿದ: "ಮೊದಲು ರಕ್ತಕ್ಕೆ ದಾರಿ ಗೊತ್ತಾಗಬೇಕು ಸಾಬ್, ಆಮೇಲೆ ಗಾಡಿಗೆ."

ಮೂರನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಒಂದೇ ದಿನದಲ್ಲಿ ಲೇಹ್ ಸೇರುವ ಉದ್ದೇಶ. ಆದರೆ ಬಾರಾಲಾಚಾದ ಕೆಳಗೆ ಹಳ್ಳವೊಂದರ ನಡುವೆ, ಹಿಂದಿನ ಸಂಜೆ ಅಚ್ಚು ಮುರಿದ ಲಾರಿಯೊಂದು ದಾರಿಗಡ್ಡವಾಗಿ ನಿಂತಿತ್ತು. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆ ನೋಡಿಕೊಳ್ಳುವ ದಾರಿ ಇದು. ದೂರದ ಜಾರ್ಖಂಡಿನಿಂದ ಬೇಸಿಗೆಯ ಕೆಲಸಕ್ಕೆ ಬಂದ ಕೂಲಿಗಳು ಮುಖಕ್ಕೆ ಬಟ್ಟೆ ಸುತ್ತಿಕೊಂಡು, ಹಿಮದ ನೀರಿನಲ್ಲಿ ಮೊಣಕಾಲವರೆಗೆ ಇಳಿದು ಕಲ್ಲು ಹೊತ್ತುಹಾಕಿ ಪಕ್ಕದಲ್ಲಿ ದಾರಿ ಮಾಡುತ್ತಿದ್ದರು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಹಳ್ಳ ಉಕ್ಕುತ್ತಿತ್ತು, ಹಾಕಿದ ಕಲ್ಲು ಕೊಚ್ಚಿಹೋಗುತ್ತಿತ್ತು, ಮತ್ತೆ ಹಾಕುತ್ತಿದ್ದರು. ನಮಗೆ ದಾರಿ ದೊರೆತಾಗ ಅಪರಾಹ್ನ ನಾಲ್ಕು ಗಂಟೆ.

ಸುಮಾರು 4,890 ಮೀಟರ್ ಎತ್ತರದ ಬಾರಾಲಾಚಾದಲ್ಲಿ ನಿಂತಾಗ ನಮ್ಮ ಮುಳ್ಳಯ್ಯನಗಿರಿಯನ್ನು ನೆನೆದೆ. ಕರ್ನಾಟಕದ ಆ ಅತ್ಯುನ್ನತ ಶಿಖರದ ಮೇಲೆ ಅಂಥದೇ ಇನ್ನೊಂದೂವರೆಯನ್ನು ಇಟ್ಟರೆ ಈ ಎತ್ತರ. ಕಂದು, ನೇರಳೆ, ಬೂದಿ ಬಣ್ಣದ ಪರ್ವತಗಳು. ಅವುಗಳ ಮೇಲೆ ಮೋಡದ ನೆರಳು ಹೊರತು ಚಲಿಸುವ ವಸ್ತುವಿಲ್ಲ. ಸೊಬಗೆನ್ನಲು ನಾಲಗೆ ಬಾರದು, ಭೀಕರವೆನ್ನಲು ಮನಸ್ಸು ಬಾರದು. ಗಣಿತದವರು ಕೂಡ ಏನಾದರೊಂದು ಉದ್ಗಾರ ತೆಗೆದರು. ಬ್ಯಾಂಕಿನ ಮಿತ್ರರು ಗಾಡಿಯಿಂದ ಇಳಿಯಲಿಲ್ಲ. ಸಾರಥಿ ಕನ್ನಡಿಯಲ್ಲಿ ಅವರನ್ನು ಎರಡು ಸಲ ನೋಡಿದ.

ಕತ್ತಲಾದ್ದರಿಂದ ಸರ್ಚುವಿನ ಗುಡಾರದಲ್ಲಿ ತಂಗಬೇಕಾಯಿತು. ಹಿಮಾಚಲದ ಕೊನೆ, ಲಡಾಖಿನ ಮೊದಲು. ಎತ್ತರ ಸುಮಾರು 4,290 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಐದರಲ್ಲಿ ಮೂರು ಪಾಲು ಮಾತ್ರ. ರಾತ್ರಿ ಹನ್ನೊಂದಕ್ಕೆ ಮಿತ್ರರಿಗೆ ತಲೆಸಿಡಿತ, ಅನಂತರ ವಾಂತಿ. "ಒಂದು ಮಾತ್ರೆ ನುಂಗಿ ಮಲಗುತ್ತೇನೆ, ನನ್ನೊಬ್ಬನಿಗಾಗಿ ಎಲ್ಲರೂ ಲೇಹ್ ಬಿಡುವುದೇ? ಬೆಳಗ್ಗೆ ಹೊರಟರಾಯಿತು," ಎಂದರು. ವರ್ಷದಿಂದ ಹಣ, ರಜೆ ಎರಡನ್ನೂ ಕೂಡಿಟ್ಟು ಬಂದವರು ಅವರೇ.

ಒಂದೂವರೆ ಗಂಟೆಗೆ ಸಾರಥಿ ಅವರನ್ನು ಎಬ್ಬಿಸಿ, ನೆಲದ ಮೇಲೆ ಹಗ್ಗವೊಂದನ್ನು ಹಾಸಿ, ಅದರ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯಲು ಹೇಳಿದ. ನಾಲ್ಕನೆಯ ಹೆಜ್ಜೆಗೆ ಅವರು ಕುಡಿದವರಂತೆ ಓಲಿ ನನ್ನ ಹೆಗಲಿಗೆ ಬಿದ್ದರು.

ಈ ಕಾಯಿಲೆಗೆ ಮುಖ್ಯ ಮದ್ದು ಕೆಳಗಿಳಿಯುವುದು. ಆದರೆ ಸರ್ಚು ಬೋಗುಣಿಯ ತಳದಂತೆ. ಎತ್ತ ಹೊರಟರೂ ಮೊದಲು ಅಂಚನ್ನು ಏರಬೇಕು. ಲೇಹ್‌ಗೆ ಇನ್ನೂ ಇನ್ನೂರೈವತ್ತು ಕಿಲೋಮೀಟರ್, ಮೂರು ಕಣಿವೆಮಾರ್ಗ, ಅವುಗಳಲ್ಲೊಂದು 5,300 ಮೀಟರನ್ನು ಮೀರಿದ್ದು. ಜಿಸ್ಪಾಕ್ಕೆ ಎಂಬತ್ತು ಚಿಲ್ಲರೆ ಕಿಲೋಮೀಟರ್, ಒಂದೇ ಕಣಿವೆಮಾರ್ಗ. ಗಣಿತದವರು ಲೆಕ್ಕ ಮುಗಿಸುವ ಮೊದಲೇ ಸಾರಥಿ ಗಾಡಿಯನ್ನು ದಕ್ಷಿಣಕ್ಕೆ ತಿರುಗಿಸಿದ್ದ.

ಆಮ್ಲಜನಕದ ಚಿಕ್ಕ ಸಿಲಿಂಡರನ್ನು ಮಿತ್ರರ ಮುಖಕ್ಕೆ ಹಿಡಿದು ನಾವಿಬ್ಬರು ಹಿಂದೆ ಕುಳಿತೆವು. ನಿದ್ರೆ ಬಾರದಂತೆ ಸಾರಥಿಯನ್ನು ಮಾತಿಗೆಳೆದಾಗ ಆತ ಗಾಟಾ ತಿರುವುಗಳ ಕಥೆ ಹೇಳಿದ. ಸರ್ಚುವಿನಿಂದ ಮುಂದಕ್ಕೆ ಇಪ್ಪತ್ತೊಂದು ತಿರುವುಗಳ ಆ ಏರಿನಲ್ಲಿ ಎಂದೋ ಒಂದು ಲಾರಿ ಕೆಟ್ಟು ನಿಂತಿತಂತೆ. ಕಾಯಿಲೆ ಬಿದ್ದ ಕ್ಲೀನರನನ್ನು ಅಲ್ಲೇ ಬಿಟ್ಟು ಚಾಲಕ ಸಹಾಯ ತರಲು ಹೋದನಂತೆ. ಹಿಮ ಬಿದ್ದು, ಆತ ಮರಳಿದಾಗ ಹುಡುಗ ಸತ್ತಿದ್ದನಂತೆ. ಬಾಯಾರಿ ಸತ್ತವನಿಗೆಂದು ಪ್ರಯಾಣಿಕರು ಇಂದಿಗೂ ಅಲ್ಲಿ ನೀರಿನ ಸೀಸೆಗಳನ್ನಿಟ್ಟು ಹೋಗುತ್ತಾರೆ. "ಅದಕ್ಕೇ ಈ ದಾರಿಯಲ್ಲಿ ಯಾರನ್ನೂ ಬಿಟ್ಟು ಹೋಗುವುದಿಲ್ಲ," ಎಂದು ಮುಗಿಸಿದ.

ನಸುಕಿನಲ್ಲಿ ಆ ಹಳ್ಳ ಬಂದಿತು. ಹಿಂದಿನ ದಿನ ನಮ್ಮನ್ನು ಅಷ್ಟು ಹೊತ್ತು ತಡೆದದ್ದು, ರಾತ್ರಿಯ ಚಳಿಗೆ ಮೇಲಿನ ಹಿಮ ಬಿಗಿದುಕೊಂಡು, ಪಾದ ಮುಳುಗದಷ್ಟು ಸೊರಗಿತ್ತು. ಕೂಲಿಗಳು ಹಾಕಿದ ಕಲ್ಲುಗಳ ಮೇಲೆ ಗಾಡಿ ಸರಾಗವಾಗಿ ದಾಟಿತು. ಇಳಿದಂತೆಲ್ಲ ಮಿತ್ರರ ಉಸಿರು ಹದಕ್ಕೆ ಬಂದಿತು. ಜಿಸ್ಪಾ ಸಮೀಪಿಸಿದಾಗ "ಕಾಫಿ ಸಿಕ್ಕೀತೇ?" ಎಂದರು. ಅಷ್ಟು ಇಂಪಾದ ವಾಕ್ಯವನ್ನು ನಾನು ಈಚೆಗೆ ಕೇಳಿರಲಿಲ್ಲ.

ಕೇಲಾಂಗಿನ ವೈದ್ಯರು ಪರೀಕ್ಷಿಸಿ, ಆ ಓಲಾಟ ಮಿದುಳಿನಲ್ಲಿ ನೀರು ತುಂಬತೊಡಗಿದ್ದರ ಸೂಚನೆಯೆಂದೂ, ಬೆಳಗಿನವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತೆಂದೂ ಹೇಳಿ, ಈ ಬಾರಿ ಮತ್ತೆ ಮೇಲೇರುವುದು ಕೂಡದೆಂದರು. ಉಳಿದ ರಜೆಯನ್ನು ಲಾಹೌಲಿನಲ್ಲೇ ಕಳೆದೆವು. ಭಾಗಾ ನದಿಯ ಆಚೆಯ ಕಾರ್ಡಾಂಗ್ ಬೌದ್ಧವಿಹಾರವನ್ನು ಕಂಡೆವು; ಹೊಲದ ಬದುವಿನ ಮೇಲೆ ಕುಳಿತು ಹಸಿ ಬಟಾಣಿ ಸುಲಿದು ತಿಂದೆವು. ಲೇಹ್ ನಾವು ನೋಡಲಿಲ್ಲ.

ಈ ದಾರಿಯಲ್ಲಿ ಹೋಗಬಯಸುವ ಓದುಗರಿಗೆ ಎರಡು ಮಾತು. ರಜೆಯ ಲೆಕ್ಕದಲ್ಲಿ ಎರಡು ದಿನ ಹೆಚ್ಚಿಗೆ ಇರಲಿ. ಹಳ್ಳಗಳಿಗೆ ನಿಮ್ಮ ಪಂಚಾಂಗ ತಿಳಿಯದು. ಬಾರಾಲಾಚಾದ ಮೇಲೆ ನಿಂತಾಗ ಪರ್ವತಗಳನ್ನು ಮನದಣಿಯೆ ನೋಡಿ. ಆದರೆ ನಡುನಡುವೆ ಗಾಡಿಯ ಒಳಕ್ಕೂ ತಿರುಗಿ, ಯಾರು ಮಾತು ನಿಲ್ಲಿಸಿದ್ದಾರೆಂದು ನೋಡಿಕೊಳ್ಳಿ.