ಎಷ್ಟು ದಿನ ಮುಂಚೆ ಹೇಳಬೇಕು?

ಕೆಲಸ ಬಿಡೋದು ಅಂಥ ಕಷ್ಟ ಅಲ್ಲ. "ಬಿಡ್ತೀನಿ" ಅಂತ ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದಿದೆಯಲ್ಲ, ಅದು ಕಷ್ಟ. ಬೇಗ ಹೇಳಿದರೆ "ನಾಳೆಯಿಂದಲೇ ಬರಬೇಡಿ" ಅಂದುಬಿಟ್ಟರೆ? ತಡವಾಗಿ ಹೇಳಿದರೆ ನಡುವೆ ಕೈ ಕೊಟ್ಟು ಹೋದಳು ಅನ್ನೋ ಮಾತು.

ನಮ್ಮೂರು ಸಂತಪುರ, ಬೀದರ್ ಜಿಲ್ಲೆ ಔರಾದ್ ತಾಲೂಕು. ಇಲ್ಲೇ ಸಮೀಪದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತೀನಿ. ಮೊನ್ನೆ ಬೀದರಿನ ಒಂದು ಕಾಲೇಜಿನಿಂದ ಕರೆ ಬಂತು. ಸಂಬಳ ಹೆಚ್ಚೂಕಮ್ಮಿ ಎರಡರಷ್ಟು. ಆದರೆ 15 ದಿನದಲ್ಲಿ ಬಂದು ಸೇರಬೇಕಂತೆ. ನನ್ನ ನೇಮಕಾತಿ ಪತ್ರದಲ್ಲಿರೋದು ಒಂದು ತಿಂಗಳ ನೋಟಿಸ್. ಹತ್ತನೇ ಕ್ಲಾಸಿನ ಪರೀಕ್ಷೆಗೆ ಉಳಿದಿರೋದು ನಾಲ್ಕು ತಿಂಗಳು. 15, 30, 120... ಗಣಿತದ ಟೀಚರಿಗೆ ಇದಕ್ಕಿಂತ ಕಷ್ಟದ ಲೆಕ್ಕ ಯಾರೂ ಕೊಟ್ಟಿರಲಿಲ್ಲ!

"ಪಗಾರ ಕೈಗೆ ಬಂದ ಮರುದಿನ ಹೋಗಿಬಿಡು, ಏನ್ ಮಾಡ್ತಾರ?" ಅಂದಳು ಗೆಳತಿ. "ಪರೀಕ್ಷಾ ಮುಗಿಸೇ ಹೋಗವ್ವ" ಅಂದಳು ಅವ್ವ. ಅಪ್ಪ ಹೇಳಿದ್ದು ಹೊಲದ ಮಾತು. ನಮ್ಮ ಕಡೆ ವರ್ಷದ ಆಳು ಇಡೋರು ಯುಗಾದಿಯಿಂದ ಯುಗಾದಿಗೆ ಮಾತಾಡ್ತಾರೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲೂ ಹಾಗೇ, 'ಸಾಲಗಡಿ'ಯ ವರ್ಷ ಗುಡಿ ಪಾಡವಾದಿಂದ. ಅಷ್ಟೊತ್ತಿಗೆ ಹಿಂಗಾರಿ ಜೋಳ ಮನೆಗೆ ಬಂದಿರುತ್ತೆ, ಮುಂಗಾರಿ ಬಿತ್ತನೆಗೆ ಇನ್ನೂ ಹೊತ್ತಿರುತ್ತೆ. ಆಳು ಹೋದರೂ ಯಾರ ಕೆಲಸವೂ ಕೆಡೋದಿಲ್ಲ. "ಕೆಲಸ ಎಲ್ಲಿ ಮುಗೀತದ ನೋಡು, ಅಲ್ಲಿ ಬಿಡು" ಅಂದರು ಅಪ್ಪ.

ಮಾತು ಚೆನ್ನಾಗಿದೆ. ಆದರೆ ಸಾಲ ತಗೊಂಡಿದ್ದ ಆಳಿಗೆ ಯುಗಾದಿ ಬಂದರೂ ಹೋಗೋ ಹಾಗಿರಲಿಲ್ಲ ಅನ್ನೋದೂ ನಿಜ ಅಲ್ವಾ? ಅದಕ್ಕೇ 1976ರಲ್ಲಿ ಜೀತ ನಿಷೇಧದ ಕಾನೂನು ಬೇಕಾಯಿತು. ನನ್ನ ಪಾಡನ್ನು ಅದಕ್ಕೆ ಹೋಲಿಸಲ್ಲ, ಅದು ಅತಿಯಾಗುತ್ತೆ. ಆದರೂ ನನ್ನ ಮೂಲ ಅಂಕಪಟ್ಟಿಗಳು ಶಾಲೆ ಆಫೀಸಿನ ಕಪಾಟಿನಲ್ಲಿವೆ. ಸೇರುವಾಗ "ಇಲ್ಲೇ ಇರಲಿ" ಅಂತ ಇಟ್ಟುಕೊಂಡಿದ್ದು. ಅದಕ್ಕೇ ಎಷ್ಟು ದಿನ ಅಂತ ಯೋಚಿಸುವಾಗೆಲ್ಲ ಮಕ್ಕಳಿಗಿಂತ ಮುಂಚೆ ಆ ಕಪಾಟೇ ಕಣ್ಣ ಮುಂದೆ ಬರ್ತಿತ್ತು.

ಸ್ವಲ್ಪ ಕಾನೂನು ಓದಿದೆ. ಇಷ್ಟವಿಲ್ಲದವರನ್ನು ದುಡಿಯಲೇಬೇಕು ಅಂತ ಕೋರ್ಟು ಕೂಡಿಸಲ್ಲ. ನೋಟಿಸ್ ಕೊಡದೆ ಹೋದರೆ ಕರಾರಿನಂತೆ ಪರಿಹಾರ ಕೇಳಬಹುದು, ಅಷ್ಟೇ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಇಷ್ಟು ಗೊತ್ತಾದ ಮೇಲೆ ಭಯವನ್ನು ಪಕ್ಕಕ್ಕಿಟ್ಟು ಕೆಲಸದ ಲೆಕ್ಕ ಹಾಕೋಕೆ ಆಯ್ತು.

ಉಳಿದಿದ್ದು ತ್ರಿಕೋನಮಿತಿ, ಸಂಖ್ಯಾಶಾಸ್ತ್ರ, ಘನಫಲದ ಪಾಠ. ಒಂದೊಂದಕ್ಕೆ ಎರಡು ವಾರ ಇಲ್ಲದಿದ್ದರೆ ನಮ್ಮ ಮಕ್ಕಳಿಗೆ ಹತ್ತಲ್ಲ. ಮನೇಲಿ ಮರಾಠಿ, ಶಾಲೇಲಿ ಕನ್ನಡ ಅನ್ನೋ ಮಕ್ಕಳೂ ಇದ್ದಾರೆ. ಒಟ್ಟು ಆರು ವಾರ. ಪಾಠ ಮುಗಿದ ಮೇಲೆ ಪುನರಾವರ್ತನೆ ಬೇರೆ ಯಾರಾದರೂ ಮಾಡಿಸಬಹುದು. ಅಪ್ಪ ಹೇಳಿದ 'ಮುಗಿಯೋ ಜಾಗ' ನನ್ನ ಮಟ್ಟಿಗೆ ಅದೇ. ಪರೀಕ್ಷೆವರೆಗೆ ಇರೋದು ಆಗದ ಮಾತು, ಆ ಕೆಲಸ ನನಗಾಗಿ ಕಾಯಲ್ಲ.

ಕಾಲೇಜಿನವರಿಗೆ ಫೋನ್ ಮಾಡಿ 45 ದಿನ ಕೇಳಿದೆ. ಎರಡು ದಿನ ಸುಮ್ಮನಿದ್ದು 42ಕ್ಕೆ ಒಪ್ಪಿದರು. ಅದು ಬರವಣಿಗೆಯಲ್ಲಿ ಬಂದ ಮೇಲೇ ಇಲ್ಲಿ ಪತ್ರ ಕೊಟ್ಟೆ. ಕೊನೆಯ ದಿನ ಯಾವುದು, ಅಷ್ಟರಲ್ಲಿ ಮುಗಿಸೋ ಪಾಠ ಯಾವುವು, ಅಂಕಪಟ್ಟಿ ಯಾವತ್ತು ವಾಪಸ್ ಬೇಕು, ಮೂರನ್ನೂ ಬರೆದೆ. ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಂಡೆ.

ಇವತ್ತಿಗೆ ಹನ್ನೊಂದು ದಿನ. ತ್ರಿಕೋನಮಿತಿ ಮುಗಿಯುತ್ತಾ ಬಂತು. ಕಪಾಟಿನ ಬೀಗ ಇನ್ನೂ ತೆಗೆದಿಲ್ಲ. "ನೋಡೋಣ ಟೀಚರ್" ಅಂತಿದ್ದಾರೆ. ನಾನೂ ದಿನಾ ಕೇಳ್ತಿದ್ದೀನಿ. ಮಕ್ಕಳಿಗೆ ಸೋಮವಾರ ಹೇಳಬೇಕು...

ನೀವಾಗಿದ್ದರೆ ಎಷ್ಟು ದಿನ ಕೊಡ್ತಿದ್ರಿ?